ಅಧ್ಯಕ್ಷರ ಅಳಿಯನ ಮೂಗು

ಹೊರದೇಶದಿಂದ ಬಂದು ಇಲ್ಲಿನ ಸೇನೆ ಸೇರಿದ್ದ ಯುವಕ ಯುದ್ಧದಲ್ಲಿ ಕಾಣೆಯಾದ ಒಂಬತ್ತು ವರ್ಷಕ್ಕೆ ಊರಿನವರು ಅವನ ಪ್ರತಿಮೆ ನಿಲ್ಲಿಸಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ಅವನ ತಾಯಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಪರದೆ ಸರಿದದ್ದೇ, ಪ್ರತಿಮೆಯ ಮೂಗು ನೋಡಿ ಹೌಹಾರಿದಳು. ಮೂಗಿನ ಯಜಮಾನ ಅವಳ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದ: ಸ್ಮಾರಕ ಸಮಿತಿ ಅಧ್ಯಕ್ಷರ ಅಳಿಯ.

"ಇವನು ನನ್ನ ಮಗ ಅಲ್ಲ ಸ್ವಾಮಿ!"

"ನೀವು ಕೊಟ್ಟ ಫೋಟೋ ಕಳೆದುಹೋಯ್ತಮ್ಮ," ಎಂದರು ಅಧ್ಯಕ್ಷರು. "ಶಿಲ್ಪಿ ಮುಂದೆ ಯಾರಾದ್ರೂ ನಿಲ್ಬೇಕಿತ್ತು, ನಮ್ಮ ಅಳಿಯಂದ್ರು ಖಾಲಿ ಇದ್ರು. ಮುಖದಲ್ಲೇನಿದೆ ಬಿಡಿ."

ತಾಯಿಗೆ ಪಿತ್ತ ನೆತ್ತಿಗೇರಿತು.

"ಫೋಟೋಗೂ ಮುಖಕ್ಕೂ ತಾಳೆಯಾಗಲ್ಲ ಅಂತ ನನ್ನ ಮಗನ್ನ ಗಡಿಯಿಂದ ಮೂರು ಸಲ ವಾಪಸ್ ಕಳಿಸಿದ್ರಲ್ಲ, ಇವನನ್ನ ಹೇಗೆ ಒಳಗೆ ಬಿಟ್ರಿ?"