ಹೊಲಿಗೆಯಕ್ಕ ಉಳಿದಳು

ಪರದೇಶದಲ್ಲಿ ಇಪ್ಪತ್ತು ವರ್ಷ ಸುವಾರ್ತೆ ಸಾರಿದ ಪಾದ್ರಿಯ ಸಂಸಾರ ತಾಯ್ನಾಡಿಗೆ ಮರಳುವ ದಿನ ಹತ್ತಿರ ಬಂದಿತ್ತು. ಗೋಡೆಯ ಪಟಗಳನ್ನು ಇಳಿಸಿದ ಜಾಗ ಬೆಳ್ಳಗೆ ಕಾಣುತ್ತಿತ್ತು. ಮಕ್ಕಳು ಟ್ರಂಕಿನ ಮೇಲೆ ಹತ್ತಿ ಕುಣಿಯುತ್ತಿದ್ದರು. ಪಾದ್ರಿಯ ಹೆಂಡತಿಗೆ ಮಾತ್ರ ಹೊಲಿಗೆಯಕ್ಕನದೇ ಚಿಂತೆ. ಇಷ್ಟು ವರ್ಷದಲ್ಲಿ ಅವರ ಮಾತು ನಂಬಿ ಕ್ರೈಸ್ತ ಸಭೆಗೆ ಸೇರಿದವಳು ಅವಳೊಬ್ಬಳೇ. ಅದೇ ಕಾರಣಕ್ಕೆ ಅಣ್ಣ ಅವಳನ್ನು ಮನೆಯಿಂದ ಹೊರಹಾಕಿದ್ದ. ಅಂದಿನಿಂದ ಅವಳಿಗೆ ಪಾದ್ರಿಯ ಮನೆಯ ಹಿಂದಿನ ಕೋಣೆಯೇ ಗತಿ. ಈ ಬಾಡಿಗೆ ಮನೆ ಖಾಲಿಯಾದರೆ ಅದೂ ಇಲ್ಲ.

"ನನ್ನ ಹೊಲಿಗೆ ಮಷಿನ್ ನೀನೇ ಇಟ್ಕೋ," ಎಂದಳು ಪಾದ್ರಿಯ ಹೆಂಡತಿ.

"ಇಡೋಕೆ ಒಂದು ಮನೆ ಬೇಕಲ್ಲಮ್ಮ," ಎಂದಳು ಹೊಲಿಗೆಯಕ್ಕ.

ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ ಪಾದ್ರಿ, "ದೇವರು ಕೈಬಿಡಲ್ಲ," ಎಂದರು.

"ಅವನು ಬಿಡಲ್ಲ ಅಯ್ಯನೋರೇ. ಬಿಟ್ಟು ಹೋಗ್ತಿರೋದು ನೀವು." ಅವಳು ನಕ್ಕಳು. ಬೇರೆ ಯಾರಿಗೂ ನಗು ಬರಲಿಲ್ಲ.

ಮಧ್ಯಾಹ್ನ ಪಾದ್ರಿಯ ಹೆಂಡತಿ ಹೊಲಿಗೆಯಕ್ಕನ ಅಣ್ಣನ ಬಡಗಿ ಅಂಗಡಿಗೆ ಹೋಗಿ, ತಂಗಿಯನ್ನು ಸೇರಿಸಿಕೋ ಎಂದು ಬೇಡಿಕೊಂಡಳು. ಅವನು ಹಲಗೆ ಉಜ್ಜುವುದನ್ನು ನಿಲ್ಲಿಸಲೇ ಇಲ್ಲ. "ನಮ್ಮ ಪಾಲಿಗೆ ಅವಳು ಯಾವತ್ತೋ ಸತ್ತೋದ್ಲು. ಅಷ್ಟು ಪ್ರೀತಿಯಿದ್ರೆ ನೀವೇ ಕರ್ಕೊಂಡು ಹೋಗಿ."

ಕರೆದೊಯ್ಯಲು ಪಾದ್ರಿ ಸಭೆಯ ಮೇಲಿನವರ ಅಪ್ಪಣೆ ಕೇಳಿದ್ದರು. ಸಿಕ್ಕಿರಲಿಲ್ಲ.

ಹೊರಡುವ ಬೆಳಿಗ್ಗೆ ಹೊಲಿಗೆಯಕ್ಕನೇ ಮಕ್ಕಳ ತಲೆ ಬಾಚಿ ಕಾರು ಹತ್ತಿಸಿದಳು. "ಹೋಗಿ ಬನ್ನಿ," ಎಂದಳು. "ಬರ್ತೀವಿ" ಅನ್ನಬೇಕಿತ್ತು. ಪಾದ್ರಿಯ ಹೆಂಡತಿಯ ಬಾಯಿಗೆ ಆ ಸುಳ್ಳು ಬರಲಿಲ್ಲ. ಅವಳ ಕೈ ಹಿಡಿದುಕೊಂಡಳು. ಕೊನೆಗೆ ಹೊಲಿಗೆಯಕ್ಕನೇ ಮೆಲ್ಲಗೆ ಕೈ ಬಿಡಿಸಿಕೊಂಡಳು.