ಕಡ್ಡಿಯ ಅಳತೆಯ ಸ್ಕೂಟರ್

ನನ್ನ ಅಪ್ಪ ದರ್ಜಿ. ಮಕ್ಕಳ ಬಟ್ಟೆ ಹೊಲಿಯುವಾಗ ಅಂಚಿನ ಒಳಗೆ ಒಂದಿಷ್ಟು ಬಟ್ಟೆ ಮಡಿಸಿ ಬಿಡುತ್ತಾರೆ. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಂಡರಾಯಿತು. ‘ಬೆಳೆಯೋ ಮಕ್ಕಳಿಗೆ ಇವತ್ತಿನ ಅಳತೆ ಇಟ್ಟರೆ ನಾಳೆ ಬೈಸ್ಕೋತೀವಿ’ ಎನ್ನುವುದು ಅವರ ಮಾತು. ಹಾಗಾಗಿ ನಮ್ಮ ಮನೆಯಲ್ಲಿ ಚಪ್ಪಲಿಯಿಂದ ಟೋಪಿಯವರೆಗೆ ಎಲ್ಲವೂ ಒಂದು ಸೈಜು ದೊಡ್ಡದೇ.

ಕಳೆದ ವರ್ಷ ಅವರು ಮೊಮ್ಮಗಳಿಗೆ ತಂದುಕೊಟ್ಟ ಸ್ಕೂಟರೂ ಹಾಗೇ ಇತ್ತು. ಒಂದು ಕಾಲು ಹಲಗೆಯ ಮೇಲಿಟ್ಟು ಇನ್ನೊಂದರಲ್ಲಿ ನೆಲ ಒದ್ದು ಓಡಿಸುತ್ತಾರಲ್ಲ, ಅಂಥದ್ದು. ಅಣ್ಣನ ಮಗಳು ಸಪೂರವಾಗಿ ಉದ್ದಕ್ಕೆ ಬೆಳೆಯುತ್ತಿರುವುದರಿಂದ ಮನೆಯವರಿಗೆಲ್ಲ ಅವಳು ಕಡ್ಡಿ. ಆ ಕಡ್ಡಿಗೂ ಹ್ಯಾಂಡಲ್ಲು ಕತ್ತಿನ ಹತ್ತಿರ ಬರುತ್ತಿತ್ತು. ‘ಇರ್ಲಿ ಬಿಡು, ಬೆಳೀತಾಳೆ’ ಎಂದರು ಅಪ್ಪ. ಅವಳು ಬೆಳೆಯುವುದಕ್ಕೆ ಮೊದಲೇ ಪಾರ್ಕಿನ ಇಳಿಜಾರು ಬಂತು. ಬ್ರೇಕಿಗೆ ಬೆರಳು ಎಟಕದೆ ಕೆಳಗಿನ ಗೇಟಿಗೆ ಹೋಗಿ ಬಡಿದಳು.

ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಅಂದು ಅಲ್ಲೇ ಡ್ಯೂಟಿಯಲ್ಲಿದ್ದರು. ಗಲ್ಲಕ್ಕೆ ಹೊಲಿಗೆ, ಪಟ್ಟಿ ಹಾಕಿಸಿಕೊಂಡ ಮಗಳನ್ನು ಮನೆಗೆ ಕರೆತಂದು ಒಂದೇ ಮಾತು ಹೇಳಿದರು: "ಹೊಲಿಗೆ ನಿಮ್ಮ ಅಂಗಡಿಯಲ್ಲೇ ಇರ್ಲಿ ಮಾವ, ಮಗು ಮುಖದ ಮೇಲೆ ಬೇಡ."

ಅಪ್ಪನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಸೂಜಿಗಳು ಬಟ್ಟೆಗೆ ಹೋದ ಮೇಲೂ ಅವರು ಆ ವಿಷಯ ಮಾತಾಡಲಿಲ್ಲ. ಸ್ಕೂಟರು ಅಂಗಡಿಯ ಹಿಂಗೋಡೆಯ ಮೊಳೆಗೆ ನೇತುಬಿತ್ತು.

ಅಂದಿನಿಂದ ಕಡ್ಡಿಯನ್ನು ಶಾಲೆಗೆ ಬಿಟ್ಟು ಬರುವ ಕೆಲಸ ನನ್ನದು. ಓದು ಮುಗಿಸಿ, ಕೆಲಸ ಹುಡುಕುತ್ತ, ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದವನಿಗೆ ಅದೇನೂ ಭಾರವಲ್ಲ. ನಾವಿಬ್ಬರೂ ಮಾತಿಲ್ಲದೆ ಪಾರ್ಕು ದಾಟುತ್ತಿದ್ದೆವು. ಶಾಲೆಯ ಗೋಡೆ ಕಂಡ ಕೂಡಲೇ ಅವಳು "ಚಿಕ್ಕಪ್ಪ, ಇಲ್ಲಿಂದ ನಾನೇ ಹೋಗ್ತೀನಿ" ಎಂದು ಓಡಿಬಿಡುತ್ತಿದ್ದಳು. ಅವಳ ತರಗತಿಯವರೆಲ್ಲ ಒಬ್ಬೊಬ್ಬರೇ ಬರುತ್ತಿದ್ದರು.

ಈ ವರ್ಷ ಅವಳು ತಾನೂ ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದಳು. ಕೊನೆಗೆ ಅತ್ತಿಗೆ ಒಂದು ಷರತ್ತು ಹಾಕಿದರು. "ಹೊಸ ಸ್ಕೂಟರ್ ಕೊಡಿಸ್ತೀನಿ. ಅದೇ ಇಳಿಜಾರಲ್ಲಿ ಬಂದು ಗೇಟಿನ ಹತ್ರ ನೆಟ್ಟಗೆ ನಿಲ್ಲಿಸಿ ತೋರಿಸು. ನಿಂತರೆ ಒಬ್ಬಳೇ ಹೋಗು. ನಿಲ್ಲದಿದ್ದರೆ ಕಾಲೇಜಿಗೆ ಹೋಗೋವರೆಗೂ ನಿನ್ನ ಚಿಕ್ಕಪ್ಪನ ಕೈ ಹಿಡ್ಕೊಂಡೇ ಹೋಗ್ಬೇಕು."

"ಅಷ್ಟರಲ್ಲಿ ಚಿಕ್ಕಪ್ಪನಿಗೆ ಕೆಲಸ ಸಿಕ್ಕಿರುತ್ತೆ" ಎಂದಳು ಕಡ್ಡಿ.

"ಆಸೆಗೂ ಒಂದು ಮಿತಿ ಇರ್ಬೇಕು ಕಣೇ" ಎಂದರು ಅತ್ತಿಗೆ.

ಸ್ಕೂಟರ್ ಅಂಗಡಿಗೆ ನಾಲ್ವರೂ ಹೋದೆವು. ಅಪ್ಪ ಟೇಪನ್ನು ಕತ್ತಿನಿಂದ ತೆಗೆಯಲು ಮರೆತು ಹಾಗೇ ಬಂದಿದ್ದರು. ಕಡ್ಡಿ ರಜೆಯ ದಿನವೂ ಶಾಲೆಯ ಶೂ ಹಾಕಿಕೊಂಡು, ಪುಸ್ತಕ ತುಂಬಿದ ಬ್ಯಾಗು ಹೊತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

"ಪಾಪುಗೆ ವಯಸ್ಸೆಷ್ಟು?" ಅಂಗಡಿಯಾತ ಅತ್ತಿಗೆಯನ್ನು ಕೇಳಿದ.

"ವಯಸ್ಸು ಯಾಕೆ? ಎತ್ತರ ಕೇಳಿ" ಎಂದಳು ಪಾಪು.

ಆತ ನಕ್ಕು, ಪುಟ್ಟ ಚಕ್ರಗಳ ಥಳಥಳಿಸುವ ಕರಿಯ ಸ್ಕೂಟರನ್ನು ಮುಂದಿಟ್ಟ. ದೊಡ್ಡ ಹುಡುಗರೆಲ್ಲ ಅದನ್ನೇ ಒಯ್ಯುತ್ತಾರಂತೆ, ಅದರಲ್ಲಿ ಗಾಳಿಯಲ್ಲಿ ಹಾರಿ ತಿರುಗಬಹುದಂತೆ. ಕಡ್ಡಿ ಅದನ್ನು ಒಂದು ಕ್ಷಣ ಆಸೆಯಿಂದಲೇ ನೋಡಿದಳು. ಆಮೇಲೆ ಬಗ್ಗಿ ಚಕ್ರ ಮುಟ್ಟಿದಳು. "ನಮ್ಮ ದಾರೀಲಿ ಕಲ್ಲುಗಳ ಮಧ್ಯೆ ಬಿರುಕಿದೆ, ಇದು ಸಿಕ್ಕಿಕೊಳ್ಳುತ್ತೆ. ನಾನು ಹಾರಬೇಕಾಗಿಲ್ಲ ಅಂಕಲ್, ಶಾಲೆಗೆ ಹೋಗ್ಬೇಕು. ದೊಡ್ಡ ಚಕ್ರದ್ದು ಕೊಡಿ. ಕೈಬ್ರೇಕೂ ಇರ್ಬೇಕು."

ಆತ ಇನ್ನೊಂದು ತಂದ. ನಾವೆಲ್ಲ ಅಭ್ಯಾಸಬಲದಿಂದ ಅಪ್ಪನ ಕಡೆ ತಿರುಗಿದೆವು. ನಮ್ಮ ಮನೆಯಲ್ಲಿ ಅಳತೆಯ ಮಾತು ಅವರದ್ದು. ಆದರೆ ಅವರು ಸ್ಕೂಟರಿನ ಕಡೆ ನೋಡಲೇ ಇಲ್ಲ. ಬಾಯಲ್ಲಿ ಸೂಜಿ ಇಲ್ಲದೆಯೂ ತುಟಿ ಬಿಗಿದು ನಿಂತಿದ್ದರು.

ಕಡ್ಡಿ ಹೋಗಿ ಅವರ ಕತ್ತಿನಿಂದ ಟೇಪು ಎಳೆದುಕೊಂಡಳು. ಆ ಟೇಪನ್ನು ನಾನೂ ಮುಟ್ಟಿದವನಲ್ಲ. ಅವಳು ಬ್ಯಾಗಿನ ಸಮೇತ ಹಲಗೆಯ ಮೇಲೆ ಹತ್ತಿ, ಟೇಪಿನ ತುದಿಯನ್ನು ಶೂ ಅಡಿಯಲ್ಲಿ ಒತ್ತಿ, ಸೊಂಟದ ಮೇಲಿನವರೆಗೆ ಎಳೆದಳು.

"ನೆಲದಿಂದ ಅಳೀಬೇಕಮ್ಮ" ಎಂದ ಅಂಗಡಿಯಾತ.

"ನಾನು ನಿಲ್ಲೋದು ನೆಲದ ಮೇಲಾ, ಹಲಗೆ ಮೇಲಾ? ಪ್ಯಾಂಟಿನ ಅಳತೆಗೆ ಬರೋರು ಹಾಕ್ಕೊಳ್ಳೋ ಶೂನಲ್ಲೇ ಬರ್ಬೇಕು ಅಂತಾರೆ ನಮ್ಮ ತಾತ." ಹ್ಯಾಂಡಲ್ಲು ಹಿಡಿದು ಮೊಣಕೈ ಮಡಿಸಿ ನೋಡಿದಳು. "ಸ್ವಲ್ಪ ಎತ್ತರ. ಇಳಿಸಿ."

ಆತ ಹ್ಯಾಂಡಲ್ಲಿನ ಕಂಬದ ಬುಡದ ಹಿಡಿ ಸಡಿಲಿಸಿ ಒತ್ತಿದ. ಮೇಲಿನ ಕೊಳವೆ ಕೆಳಗಿನ ಕೊಳವೆಯೊಳಗೆ ಇಳಿಯಿತು. ಅಪ್ಪ ಒಂದು ಹೆಜ್ಜೆ ಮುಂದೆ ಬಂದರು.

"ಏನಮ್ಮ ಅದು?"

"ಒಳಗೆ ಬಟ್ಟೆ ಬಿಟ್ಟಿದ್ದಾರೆ ತಾತ" ಎಂದಳು ಅವಳು. "ಬೆಳೆದ ಹಾಗೆ ಬಿಚ್ಚಿ ಏರಿಸ್ಕೋಬಹುದು. ಇವತ್ತಿನ ಅಳತೆ ಇವತ್ತಿಗೆ."

ಅಪ್ಪ ಕೊಳವೆಯನ್ನು ಮೇಲೆಳೆದರು, ಕೆಳಗಿಳಿಸಿದರು. ಮತ್ತೆ ಮೇಲೆಳೆದರು. "ಎಲಾ ಇವನ! ನನ್ನದೇ ಕಸುಬು!" ಎಂದರು. ಬಹಳ ದಿನಗಳ ಮೇಲೆ ಅವರು ಗಟ್ಟಿಯಾಗಿ ನಕ್ಕಿದ್ದು ಅಂದೇ.

ಅದೇ ಸಂಜೆ ಇಳಿಜಾರಿನ ಕೆಳಗೆ, ಗೇಟಿನ ಪಕ್ಕ ಅತ್ತಿಗೆ ಕೈಕಟ್ಟಿ ನಿಂತರು. ಮೇಲಿನಿಂದ ಕಡ್ಡಿ ಹೆಲ್ಮೆಟ್ ಹಾಕಿಕೊಂಡು ಬ್ಯಾಗು ಹೊತ್ತು ಬಂದಳು. ಬೆನ್ನು ನೆಟ್ಟಗಿತ್ತು, ಬೆರಳು ಬ್ರೇಕಿನ ಮೇಲಿತ್ತು. ಹಳೆಯ ಪೆಟ್ಟಿನ ಜಾಗ ಹತ್ತಿರವಾದಂತೆ ಅತ್ತಿಗೆಯ ಕಟ್ಟಿದ ಕೈ ತಾನೇ ಬಿಚ್ಚಿಕೊಂಡು ಮುಂದೆ ಚಾಚಿತು. ಆ ಕೈ ಬೇಕಾಗಲಿಲ್ಲ. ವೇಗ ಮೆಲ್ಲಗೆ ತಗ್ಗಿ, ಸ್ಕೂಟರು ಗೇಟಿಗೆ ಒಂದು ಗೇಣು ಬಿಟ್ಟು ನಿಂತಿತು.

ಅತ್ತಿಗೆ ಮಗಳ ಗಲ್ಲದ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. "ನಾಳೆಯಿಂದ ನೀನೇ ಹೋಗು" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಒಳ್ಳೆ ಪಾಠ ಹೇಳ್ಕೊಟ್ಟಿದ್ದೀರಿ ಮಾವ."

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಅಪ್ಪ ಬೀದಿಗೆ ಬೆನ್ನು ಹಾಕಿಯೇ ಕುಳಿತಿದ್ದರು. ಆದರೆ ಹೊರಗೆ ಚಕ್ರದ ಸದ್ದಾದಾಗಲೆಲ್ಲ ಮಿಷನ್ನು ತಾನಾಗಿ ನಿಲ್ಲುತ್ತಿತ್ತು. ಕಡ್ಡಿ ಒಬ್ಬಳೇ ಬಂದು ಬಾಗಿಲಲ್ಲಿ ಸ್ಕೂಟರು ಮಡಿಸಿಟ್ಟಾಗ, ಗಿರಾಕಿಯೊಬ್ಬರು ಪ್ಯಾಂಟಿನ ಅಳತೆ ಕೊಡಲು ಎದ್ದು ನಿಂತಿದ್ದರು.

"ಒಂದು ನಿಮಿಷ ತಾಳಿ ಸಾರ್" ಎಂದರು ಅಪ್ಪ, ಕತ್ತಿನ ಟೇಪು ತೆಗೆದು ಅವಳ ಕಡೆ ಚಾಚುತ್ತ. "ನಮ್ಮ ಮೇಸ್ತ್ರಿ ಈಗ ತಾನೇ ಬಂದ್ರು."