ಕೌದಿಯ ಹೊಟ್ಟೆ

ಗೋಡೆಗೆ ಮೊಳೆ ಹೊಡೆಯಬಾರದು, ನೆಲದ ಮೇಲೆ ಏಣಿ ಎಳೆಯಬಾರದು, ಪ್ರದರ್ಶನದ ಕೋಣೆಯೊಳಗೆ ಚಹಾ ಕೂಡ ತರಬಾರದು. ಇಷ್ಟೆಲ್ಲ ಬಾರದುಗಳ ನಡುವೆ ಶಾಮಲಾ ಹದಿನೆಂಟು ಕೌದಿ ತೂಗುಹಾಕಬೇಕಿತ್ತು. ೧೯೯೮ರ ಡಿಸೆಂಬರ್. ಪುಣೆಯ ಕರ್ವೆ ರಸ್ತೆಯ ಹಳೇ ಬಂಗಲೆಯೊಂದರ ಮೇಲ್ಮಹಡಿಯಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಗ್ಯಾಲರಿಗೆ ಅವಳು ಕ್ಯುರೇಟರ್. ಹೆಸರು ಕೇಳಿದರೆ ದೊಡ್ಡ ಹುದ್ದೆ. ಆದರೆ ಬಲ್ಬು ಸುಟ್ಟರೆ ಅವಳನ್ನೇ ಕೂಗುತ್ತಿದ್ದರು, ಮುಖ್ಯ ಅತಿಥಿಯ ಹೆಂಡತಿಗೆ ಕುರ್ಚಿ ಸಾಲದಿದ್ದರೂ ಅವಳನ್ನೇ.

ತೂಗುಹಾಕುವ ಕೆಲಸ ಹೇಗೋ ಆಗುತ್ತಿತ್ತು. ಕಷ್ಟವಾದದ್ದು ಕೇಳಿ ತರುವುದು. ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದು ಹಡಪಸರದಲ್ಲಿ ನೆಲೆಸಿದ ಹೆಂಗಸರ ಮನೆಮನೆಗೆ ಅವಳು ಮೂರು ತಿಂಗಳು ಅಲೆದಳು. ಹಳೇ ಸೀರೆ, ಧೋತರದ ತುಂಡು ಜೋಡಿಸಿ ಹೊಲಿದದ್ದನ್ನು ಗೋಡೆಗೆ ಹಾಕುತ್ತೇನೆ ಎಂದರೆ ಅವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಕೊನೆಗೆ ಹದಿನೇಳು ಸಿಕ್ಕವು. ಹದಿನೆಂಟನೆಯದು, ಎಲ್ಲಕ್ಕಿಂತ ಚೆಂದದ್ದು, ಸಾವಂತ್ರವ್ವನ ಬಳಿ ಇತ್ತು. ತೊಟ್ಟಿಲ ಕೌದಿ, ಎರಡು ಮೊಳ ಉದ್ದ, ಕೆಂಪು ಕಪ್ಪು ಇಳಕಲ್ ಸೀರೆಯ ತುಂಡುಗಳದು. ಮಗಳು ಇಂದೂಗೆ ಚೊಚ್ಚಲ ಬಸಿರು, ಜನವರಿಯಲ್ಲಿ ಹೆರಿಗೆ. ಅವಳ ಕೂಸಿಗೆಂದೇ ಹೊಲಿದದ್ದು. ಎರಡು ಸಲ ಒಲ್ಲೆ ಎಂದ ಸಾವಂತ್ರವ್ವ ಮೂರನೇ ಸಲ ಕೊಟ್ಟಳು.

"ಕೂಸಿನ್ನ ತೊಟ್ಟಲಕ್ಕ ಹಾಕೂದರೊಳಗ ಮನೀಗೆ ಬರಬೇಕ್ರಿ ಬಾಯಾರ. ಕೊಟ್ಟಂಗs ಬರಬೇಕು."

"ಕೊಟ್ಟಂಗs ತರ್ತೀನ್ರಿ," ಎಂದು ಶಾಮಲಾ ಫಾರಮ್ಮಿನಲ್ಲೂ ಹಾಗೆಯೇ ಬರೆದು ಸಹಿ ಹಾಕಿದಳು.

ಉದ್ಘಾಟನೆಗೆ ನಾಲ್ಕು ದಿನವಿತ್ತು. ತೂಗುಹಾಕುವ ಕೆಲಸದ ಅವಧೂತ ಮರಾಠಿಯಲ್ಲಿ ಕರೆದ. "ಮ್ಯಾಡಮ್, ಮುಂಗ್ಯಾ." ಇರುವೆ. ಕಿಟಕಿಯಿಂದ ಮೇಜಿನವರೆಗೆ ಒಂದು ಸಾಲು ಬಂದು ನೇರವಾಗಿ ತೊಟ್ಟಿಲ ಕೌದಿಯ ಮೂಲೆಗೆ ನುಗ್ಗುತ್ತಿತ್ತು. ಮೂಲೆ ಮುಟ್ಟಿದರೆ ಒಳಗೆ ಏನೋ ಗಟ್ಟಿಯಾಗಿತ್ತು. ಬಟ್ಟೆಗೆ ಹುಳ ಬಿದ್ದರೆ ಹದಿನೆಂಟೂ ಹೋದವು, ಅವಳ ಮಾನವೂ ಹೋಯಿತು. ಶಾಮಲಾ ಸಣ್ಣ ಕತ್ತರಿಯಿಂದ ಹನ್ನೆರಡು ಹೊಲಿಗೆ ಬಿಚ್ಚಿದಳು. ಒಣಗಿ ಕಪ್ಪಾದ, ಬೆಲ್ಲದ ವಾಸನೆಯ ಉಂಡೆಯೊಂದು ಹೊರಬಂತು. ಅದನ್ನು ಕಸಕ್ಕೆ ಹಾಕಿ, ಮೂಲೆ ಒರೆಸಿ, ನೀಟಾಗಿ ಹೊಲಿದಳು. ರಿಜಿಸ್ಟರಿನಲ್ಲಿ ಬರೆದಳು: ಮೂಲೆಯಲ್ಲಿ ಆಹಾರದ ಕೊಳೆ, ಸ್ವಚ್ಛ ಮಾಡಿದೆ. ಪುಸ್ತಕದ ಲೆಕ್ಕದಲ್ಲಿ ಅವಳು ಮಾಡಿದ್ದು ನೂರಕ್ಕೆ ನೂರು ಸರಿ. ಧಾರವಾಡದಲ್ಲಿ ಹುಟ್ಟಿದವಳು, ನಿಜ. ಆದರೆ ಕಾರಕೂನನ ಮನೆ. ಅಂಗಡಿಯ ಚಾದರ ಹೊದ್ದು ಬೆಳೆದವಳಿಗೆ ಕೌದಿಯ ಒಳಗುಟ್ಟು ಎಲ್ಲಿಂದ ಗೊತ್ತಾಗಬೇಕು.

ಉದ್ಘಾಟನೆ ಐದು ಗಂಟೆಗೆ. ಮೂರಕ್ಕೇ ಸಾವಂತ್ರವ್ವ ಹಡಪಸರದ ಬಸ್ಸು ಹಿಡಿದು ಬಂದುಬಿಟ್ಟಳು. ನಡುಗೋಡೆಯ ಮೇಲೆ ದೀಪದ ಬೆಳಕಿನಲ್ಲಿದ್ದ ತನ್ನ ಕೌದಿಯನ್ನು ನೋಡಿ ಮೊದಲು ನಾಚಿದಳು. ಆಮೇಲೆ ಹತ್ತಿರ ಹೋಗಿ ಮೂಲೆ ಹಿಡಿದು ಎರಡು ಬೆರಳಿಂದ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಇದನ್ನ ಯಾರ ಬಿಚ್ಯಾರ?"

ಅವಧೂತನಿಗೆ ಕನ್ನಡ ಬಾರದು, ಮುಖ ಓದಲು ಬರುತ್ತಿತ್ತು. "ಉಂದೀರ್ ಅಸೇಲ್," ಎಂದ, ಇಲಿ ಇರಬೇಕು ಎಂದು. ಶಾಮಲಾಳನ್ನು ಉಳಿಸುವುದಕ್ಕೇ ಹೇಳಿದ್ದು. ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇಲಿ ಅಲ್ರಿ. ನಾನs ಬಿಚ್ಚೀನಿ. ಇರಿವಿ ಹತ್ತಿದ್ವು."

"ಇಲಿ ಇಷ್ಟ ಚಂದ ಹೊಲಿಯಂಗಿಲ್ಲ ಬಿಡ್ರಿ. ಮಷಿನ್ ಹೊಡದಂಗ ಅದ." ಸಾವಂತ್ರವ್ವ ನಗಲಿಲ್ಲ. "ಅದು ಹೋಳಿಗಿ ಇತ್ರಿ. ಕೌದಿ ಮುಗಸೂ ಮುಂದ ಕಡೀ ಮೂಲ್ಯಾಗ ಒಂದ ತುತ್ತು ಇಟ್ಟು ಹೊಲೀತೀವಿ. ಅದರ ಹೊಟ್ಟಿ ತುಂಬಿರಬೇಕು. ಹಸದ ಕೌದ್ಯಾಗ ಕೂಸಿನ್ನ ಹ್ಯಾಂಗ ಮಲಗಸೂದು? ಇಳಸ್ರಿ, ಮನೀಗೆ ಒಯ್ತೀನಿ."

ಕೆಳಗೆ ಶಾಮಿಯಾನಾದವರು ಕುರ್ಚಿ ಇಳಿಸುವ ಸದ್ದು ಕೇಳುತ್ತಿತ್ತು. ಆಮಂತ್ರಣ ಪತ್ರಿಕೆಯ ಮೇಲೂ ಅದೇ ಕೌದಿಯ ಚಿತ್ರ. ಶಾಮಲಾ ಅದ್ಯಾವುದನ್ನೂ ಹೇಳಲಿಲ್ಲ. ತಾನೇ ಏಣಿ ಹತ್ತಿ ಕೌದಿ ಇಳಿಸಿ, ಮಡಚಿ, ಎರಡೂ ಕೈಯಿಂದ ಕೊಟ್ಟಳು.

"ಕೊಟ್ಟಂಗs ತರ್ತೀನಿ ಅಂದಿದ್ದೆ. ತಪ್ಪಾತ್ರಿ. ಕೇಳದs ಕತ್ತರಿ ಹಾಕಬಾರದಿತ್ತು."

ಸಾವಂತ್ರವ್ವ ಕೌದಿಯನ್ನು ಕಂಕುಳಿಗೆ ಇರುಕಿಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತು ತಿರುಗಿದಳು. ಖಾಲಿ ಗೋಡೆಯನ್ನು ನೋಡಿದಳು, ಆಮೇಲೆ ಶಾಮಲಾಳ ಮುಖವನ್ನು.

"ಉಂಡೀರೇನ್ರಿ?"

"ಇಲ್ರಿ. ಹೊತ್ತs ಸಿಕ್ಕಿಲ್ಲ."

"ಡಬ್ಬಿ ಅದ ಏನು?"

ಶಾಮಲಾ ಆಫೀಸಿನ ಕೋಣೆಯಿಂದ ಡಬ್ಬಿ ತಂದಳು. ಮೂರು ಚಪಾತಿ, ಬದನೇಕಾಯಿ ಪಲ್ಯ, ಮೂಲೆಯಲ್ಲಿ ಒಂದು ಹರಳು ಬೆಲ್ಲ. ರಸ್ತೆಯಾಚೆ ಹೋಳಿಗೆ ಮಾರುವ ಅಂಗಡಿಯಿದೆ, ಅವಧೂತನನ್ನು ಕಳಿಸುತ್ತೇನೆ ಎಂದಳು.

"ಅಂಗಡೀದು ಬ್ಯಾಡ. ಮನ್ಯಾಗ ಬೇಯ್ಸಿದ್ದs ಬೇಕು. ಇವು ಯಾರು ಲಟ್ಟಿಸಿದ್ದು?"

"ನಾನs ರಿ. ಮುಂಜಾನೆ ಆರಕ್ಕ."

"ಆಕಾರ ನೋಡಿದ್ರ ತಿಳೀತದ." ಈಗ ಸಾವಂತ್ರವ್ವನ ತುಟಿಯ ಅಂಚು ಸಡಿಲಾಯಿತು. "ಹೊಲಿಗಿ ಹಿಂಗ ಸೊಟ್ಟ ಇರಬೇಕಿತ್ತು, ಚಪಾತಿ ಹಂಗ ಚಂದ. ಇರಲಿ. ಮೊದಲ ನೀ ಉಣ್ಣು ತಂಗಿ. ಹಸದ ಕೈಲೆ ಯಾರ ಹೊಟ್ಟೀನೂ ತುಂಬಸಬಾರದು."

ಪ್ರದರ್ಶನದ ಕೋಣೆಯೊಳಗೆ ಚಹಾ ಕೂಡ ತರಬಾರದಾಗಿತ್ತು. ಆ ನಿಯಮ ಬರೆದವಳೇ ನೆಲದ ಮೇಲೆ ಕಾಲು ಮಡಚಿ ಕುಳಿತು ಪಲ್ಯ ಸುತ್ತಿಕೊಂಡು ಎರಡು ಚಪಾತಿ ತಿಂದು, ಕೈ ತೊಳೆದು, ಮೂಲೆಗೆ ತಾನು ಹಾಕಿದ್ದ ಹೊಲಿಗೆ ಬಿಚ್ಚಿದಳು. ಮೂರನೆಯದರ ತುಣುಕಿಗೆ ಬೆಲ್ಲ ಹಚ್ಚಿ ಸಾವಂತ್ರವ್ವ ಮೂಲೆಯೊಳಗೆ ಇಟ್ಟಳು. ಸೂಜಿಯನ್ನು ಮಾತ್ರ ಶಾಮಲಾಳ ಕೈಗೆ ಕೊಟ್ಟಳು.

"ಬಿಚ್ಚಿದಾಕಿನs ಹೊಲೀಬೇಕು. ಸ್ವಲ್ಪ ದೂರದೂರ ಹಾಕು. ಬಿಗದ್ರ ಉಸರ ಕಟ್ಟತದ ಅದಕ್ಕ."

ಐದಕ್ಕೆ ಹತ್ತು ನಿಮಿಷವಿರುವಾಗ ಕೌದಿ ಮತ್ತೆ ಗೋಡೆಗೆ ಏರಿತು. ಕೆಳಗಿದ್ದ ಟೈಪು ಮಾಡಿದ ಚೀಟಿಯಲ್ಲಿ ಯಾವುದರಿಂದ ಮಾಡಿದ್ದು ಎಂಬ ಸಾಲಿತ್ತು: ಹಳೇ ಸೀರೆ, ಧೋತರ, ನೂಲು. ಶಾಮಲಾ ಅದರ ಮುಂದೆ ಪೆನ್ನಿನಿಂದ ಸೇರಿಸಿದಳು: ಚಪಾತಿ, ಬೆಲ್ಲ. ಮುಖ್ಯ ಅತಿಥಿ ಕನ್ನಡಕ ಏರಿಸಿ ಎರಡು ಸಲ ಓದಿದರು. ಕೇಳಲು ನಾಚಿಕೊಂಡು ಮುಂದೆ ಹೋದರು.

ಮೂರನೇ ದಿನ ಇರುವೆ ಮತ್ತೆ ಬಂದವು. ಅವಧೂತ ಕೂಗಿದ. ಈ ಸಲ ಶಾಮಲಾ ಕತ್ತರಿ ತೆಗೆಯಲಿಲ್ಲ. ಕಿಟಕಿಯ ಅಂಚಿಗೆ, ಗೋಡೆಯ ಬುಡಕ್ಕೆ ಅರಿಶಿನ ಪುಡಿಯ ಗೆರೆ ಎಳೆದಳು. ಪ್ರದರ್ಶನ ಮುಗಿಯುವವರೆಗೆ ದಿನಾ ಬೆಳಿಗ್ಗೆ ಬಂದವಳೇ ಮೊದಲು ಆ ಗೆರೆ, ಆಮೇಲೆ ಬೀಗ, ಬಲ್ಬು, ಫೋನು.

ಹೆರಿಗೆಗೆ ಒಂದು ವಾರವಿರುವಾಗ ಅವಳು ಹಡಪಸರಕ್ಕೆ ಕೌದಿ ಒಯ್ದಳು. ತುಂಬುಬಸುರಿ ಇಂದೂ ಬಾಗಿಲಲ್ಲೇ ಅದನ್ನು ಇಸಿದುಕೊಂಡಳು. ಸಾವಂತ್ರವ್ವ ಮೂಲೆಯನ್ನು ಎರಡು ಬೆರಳಿಂದ ಒತ್ತಿ ನೋಡಿ, ಹೂಂ ಎಂದಳು. ವಾಪಸು ಕೊಟ್ಟದ್ದರ ಫಾರಮ್ಮಿನಲ್ಲಿ ವಸ್ತುವಿನ ಸ್ಥಿತಿ ಎಂಬ ಖಾನೆಯಿತ್ತು. ಶಾಮಲಾ ತುಂಬಿ ಮುಂದೆ ಹಿಡಿದಳು.

"ಏನ ಬರದಿ?" ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತ ಸಾವಂತ್ರವ್ವ ಕೇಳಿದಳು.

"ಹೊಟ್ಟಿ ತುಂಬೇದ ಅಂತ."

"ಹಂಗಾದ್ರ ಒತ್ತತೀನಿ," ಎಂದು ಅವಳು ಹೆಬ್ಬೆಟ್ಟು ಒತ್ತಿದಳು. ಒತ್ತಿ, ಒಳಗೆ ಹೋಗಿ ಊಟಕ್ಕೆ ಎರಡು ತಾಟು ಹಾಕಿದಳು.